ಉಸಿರಿನ ಲೈನು

ನೀಲಾಂಬಿಕಾ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು. ಒಳಗೆ ಏನೂ ಇರಲಿಲ್ಲ. ಗುಂಯ್ ಎನ್ನುವ ಡಯಲ್ ಟೋನ್ ಇಲ್ಲ, ಗಾಳಿ ಬೀಸಿದಾಗ ಕೇಳುತ್ತಿದ್ದ ಕರಕರವೂ ಇಲ್ಲ. ಗೋಡೆಗೆ ಕಿವಿ ಕೊಟ್ಟ ಹಾಗಿತ್ತು.

"ಸತ್ತೈತೇನು?" ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ ಗಂಡ ಬಸವಂತ ಕೇಳಿದ.

"ಕಡದೇಬಿಟ್ಟಾರ್ರಿ."

ಹುಬ್ಬಳ್ಳಿಯ ಆ ಭಾಗದಲ್ಲಿ ತಾಮ್ರದ ತಂತಿಯ ಫೋನು ಉಳಿದಿದ್ದದ್ದು ಅವರ ಮನೆಯಲ್ಲಿ ಮಾತ್ರ. ತಂತಿ ಕಿತ್ತುಬಿಡುತ್ತೇವೆ, ಗಾಜಿನೆಳೆಯ ಇಂಟರ್‌ನೆಟ್ ಹಾಕಿಸಿಕೊಳ್ಳಿ ಎಂದು ಟೆಲಿಫೋನಿನವರು ಹೇಳುತ್ತಲೇ ಬಂದಿದ್ದರು. ನೀಲಾ ಕಚೇರಿಗೆ ಹೋಗಿ ಅತ್ತು ಬಂದಿದ್ದಳು. "ಒಂದ ಮನಿ ಸಲುವಾಗಿ ಇಡೀ ಎಕ್ಸ್‌ಚೇಂಜ್ ನಡಸಾಕ ಆಗತೈತೇನ್ರಿ ಅಕ್ಕಾರ?" ಎಂದಿದ್ದ ಅಲ್ಲಿಯವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಇಂಟರ್‌ನೆಟ್ಟಂತೂ ಬಂದಿತ್ತು. ಆದರೆ ಬಸವಂತನ ಎದೆಯೊಳಗಿನ ಯಂತ್ರಕ್ಕೆ ಅದರ ಗುರುತೇ ಇರಲಿಲ್ಲ.

ಬಸವಂತ ಇನ್ನೂ ಮೀಸೆ ಮೂಡುವ ವಯಸ್ಸಿನವನಾಗಿದ್ದಾಗ ಒಂದು ಜ್ವರ ಬಂದು ಊರೂರು ಸುತ್ತಿ ಹೋಗಿತ್ತು. ಬದುಕಿ ಉಳಿದವರಲ್ಲಿ ಕೆಲವರ ಮಿದುಳು ಒಂದೇ ಒಂದು ಕೆಲಸವನ್ನು ಮರೆತಿತ್ತು. ಎಚ್ಚರವಿರುವಾಗ ಅವರು ಎಲ್ಲರಂತೆ ಉಸಿರಾಡುತ್ತಿದ್ದರು. ನಿದ್ದೆ ಹತ್ತಿತೋ, ಉಸಿರು ನಿಲ್ಲುತ್ತಿತ್ತು. ಮರೆತುಹೋದ ಉಸಿರನ್ನು ಹೊರಗಿನಿಂದ ನೆನಪಿಸಿಕೊಟ್ಟರೆ ಹೇಗೆ ಎಂದು ಧಾರವಾಡದ ಒಂದು ಸಂಶೋಧನಾಲಯದಲ್ಲಿ ಯಾರಿಗೋ ಹೊಳೆಯಿತು. ಎದೆಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಕೂರಿಸಿ, ಅದರ ತಂತಿಯನ್ನು ಉಸಿರಿನ ನರಕ್ಕೆ ಹೆಣೆದರು. ಅದು ಮಿಡಿದಾಗಲೆಲ್ಲ ನರ ತುಡಿಯುತ್ತಿತ್ತು, ಎದೆ ಏಳುತ್ತಿತ್ತು. ತೊಡಕು ಒಂದೇ. ನರಕ್ಕೆ ಒಂದೇ ಬಗೆಯ ಮಿಡಿತ ರೂಢಿಯಾಗಿಬಿಡುತ್ತಿತ್ತು. ಕೆಲವು ದಿನ ಕಳೆದರೆ ಅದು ಯಂತ್ರದ ಮಾತನ್ನು ಕೇಳುತ್ತಲೇ ಇರಲಿಲ್ಲ. ಆಗ ಮಿಡಿತದ ಗತಿಯನ್ನು ಹೊಸದಾಗಿ ಲೆಕ್ಕ ಹಾಕಿ ಕೊಡಬೇಕು. ಆ ಲೆಕ್ಕ ಹಾಕುವ ದೊಡ್ಡ ಯಂತ್ರ ಧಾರವಾಡದಲ್ಲಿತ್ತು. ರೋಗಿಯ ಮನೆಯ ಕಂಪ್ಯೂಟರು ಫೋನಿನ ಲೈನಿನಲ್ಲಿ ಅದಕ್ಕೆ ಡಯಲ್ ಮಾಡಿ, ಎದೆಯ ಸ್ಥಿತಿ ಹೇಳಿ, ಹೊಸ ಗತಿ ಇಸಿದುಕೊಂಡು, ಎದೆಯ ಮೇಲಿಟ್ಟ ಪಟ್ಟಿಯ ಮೂಲಕ ಒಳಗೆ ದಾಟಿಸುತ್ತಿತ್ತು. ಫೋನಿನ ಲೈನಿನಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು.

ಯಂತ್ರ ಮಾಡಿದ ಕಂಪನಿ ಎಂದೋ ಮುಚ್ಚಿತ್ತು. ಅದರ ಪ್ರೋಗ್ರಾಮಿನ ಒಳಗೆ ಕೈಯಾಡಿಸಲು ಯಾರಿಗೂ ಬರುತ್ತಿರಲಿಲ್ಲ. ಯಂತ್ರವನ್ನು ಹೊರಗೆ ತೆಗೆಯೋಣವೆಂದರೆ ನರ ಅದಕ್ಕೆ ಅಂಟಿಕೊಂಡು ಬೆಳೆದಿತ್ತು. ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಉಸಿರಾಟದ ಯಂತ್ರ ಹಚ್ಚಿದಾಗ ಒಳಗಿನ ಗತಿಗೂ ಹೊರಗಿನ ಗತಿಗೂ ಗುದ್ದಾಟವಾಗಿ ಅವನ ಶ್ವಾಸಕೋಶ ಹರಿದಿತ್ತು. ಅಂದಿನಿಂದ ಇಂಥ ಯಂತ್ರದವರನ್ನು ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಹಿಂದಿನ ದಿನವೇ ಬಸವಂತ ಮಲಗಿದಾಗ ತುಟಿ ನೀಲಿಗಟ್ಟಿತ್ತು. ನೀಲಾ ಅವನನ್ನು ಅಲುಗಾಡಿಸಿ ಎಬ್ಬಿಸಿದ್ದಳು. ಆಮೇಲೆ ಮಲಗಲು ಬಿಟ್ಟಿರಲಿಲ್ಲ.

ಆಕೆ ಧಾರವಾಡಕ್ಕೆ ಮೊಬೈಲಿನಿಂದ ಫೋನು ಮಾಡಿದಳು. ಅಲ್ಲಿ ಈಗ ಆ ಕೆಲಸಕ್ಕೆ ಉಳಿದವರು ಯದುನಂದನ್ ಎಂಬ ಎಂಜಿನಿಯರ್ ಒಬ್ಬರೇ. ಮೈಸೂರಿನ ಕಡೆಯವರು.

"ಅವರನ್ನ ಮಲಗೋಕೆ ಬಿಡ್ಬೇಡಿ," ಎಂದರು ಯದುನಂದನ್. "ಮನೇಲಿ ಹೊಸ ಲ್ಯಾಪ್‌ಟಾಪ್ ಏನಾದ್ರೂ ಇದ್ಯಾ?"

"ಸ್ಟುಡಿಯೋದ್ದು ಐತ್ರಿ." ನೀಲಾ ಫೋಟೊ ಸ್ಟುಡಿಯೋ ಒಂದರಲ್ಲಿ ಮದುವೆಯ ಫೋಟೊ ತಿದ್ದುವ ಕೆಲಸ ಮಾಡುತ್ತಿದ್ದಳು.

"ಅದನ್ನ ತಗೊಂಡು ಈಗ್ಲೇ ಬನ್ನಿ. ಒಂದು ದಾರಿ ಇದೆ. ಕೆಲಸ ಮಾಡುತ್ತೋ ಇಲ್ವೋ ನಂಗೊತ್ತಿಲ್ಲ."

ನಾದಿನಿ ಕಮಲಾ ಬಂದಳು. ಅಣ್ಣನನ್ನು ಹೊಲಿಗೆಯಂತ್ರದ ಮುಂದೆ ಕೂರಿಸಿದಳು. ಬಸವಂತ ಬ್ಯಾಂಡ್ ಬಾರಿಸುವವರ ಕೋಟುಗಳನ್ನು ಹೊಲಿಯುವ ದರ್ಜಿ. ಕೆಂಪು ಬಟ್ಟೆ, ಜರಿಪಟ್ಟಿ ಅವನ ಸುತ್ತ ಯಾವಾಗಲೂ ಹರಡಿರುತ್ತಿದ್ದವು. "ವೈನಿ, ನೀವು ಹೋಗ್ರಿ. ನಾ ಇವನ್ನ ಮಲಗಾಕ ಬಿಡಾಂಗಿಲ್ಲ," ಎಂದಳು ಕಮಲಾ.

*

ಸಂಶೋಧನಾಲಯದ ಹಿಂಭಾಗದ ಒಂದು ಕೋಣೆಯಲ್ಲಿ ದೊಡ್ಡ ಯಂತ್ರವಿತ್ತು. ದೊಡ್ಡದು ಎಂಬುದು ಹೆಸರಿಗಷ್ಟೇ. ಗಾತ್ರದಲ್ಲಿ ಅದು ಬಟ್ಟೆಯ ಕಪಾಟಿನಷ್ಟಿತ್ತು. ಮುಂದೆ ಒಂದು ಟೇಬಲ್ ಫ್ಯಾನು ತಿರುಗುತ್ತಿತ್ತು. ಯದುನಂದನ್ ಹಳೆಯ ಸ್ವೆಟರ್ ಹಾಕಿದ್ದ, ಕಣ್ಣು ಕೆಂಪಾದ ಮನುಷ್ಯ.

"ಕೂತ್ಕೊಳಿ. ನಿಮ್ಮ ಹಳೇ ಕಂಪ್ಯೂಟರ್‌ಗೆ ಗೊತ್ತಿರೋದು ಮೋಡೆಮ್ ಒಂದೇ," ಎಂದರು. "ಅದರ ಮಾತನ್ನ ಫೋನ್ ತಂತೀಲಿ ಹೋಗೋ ಕೀರಲು ಸದ್ದಾಗಿ ಬದಲಾಯಿಸೋ ಪೆಟ್ಟಿಗೆ. ಈಗ ಆ ಪೆಟ್ಟಿಗೆ ಜಾಗದಲ್ಲಿ ನಿಮ್ಮ ಲ್ಯಾಪ್‌ಟಾಪ್ ಇಡ್ತೀವಿ. ಅದ್ರಲ್ಲಿ ಒಂದು ಪ್ರೋಗ್ರಾಮ್ ಹಾಕ್ತೀನಿ. ವರ್ಚುವಲ್ ಮೋಡೆಮ್ ಅಂತ. ಮೋಡೆಮ್ ಇಲ್ಲದೇನೇ ಮೋಡೆಮ್ ಇದೆ ಅಂತ ಸುಳ್ಳು ಹೇಳೋದೇ ಅದರ ಕೆಲಸ. ಹಳೇ ಕಂಪ್ಯೂಟರ್ 'ಈ ನಂಬರಿಗೆ ಡಯಲ್ ಮಾಡು' ಅನ್ನುತ್ತೆ. ಇದು 'ಆಯ್ತು' ಅಂದು ಇಂಟರ್‌ನೆಟ್ ಮೇಲೆ ಇಲ್ಲಿಗೆ ಬರುತ್ತೆ. ಅದಕ್ಕೆ ಮಾತ್ರ ಫೋನ್ ಹತ್ತಿತು ಅಂತಲೇ ಹೇಳುತ್ತೆ."

"ಅದು ನಂಬತೈತೇನ್ರಿ?"

"ನಂಬೋ ಹಾಗೆ ಸುಳ್ಳು ಹೇಳಬೇಕು. ಕಷ್ಟ ಇರೋದೇ ಅಲ್ಲಿ."

ಅವರು ಲ್ಯಾಪ್‌ಟಾಪಿಗೆ ಪ್ರೋಗ್ರಾಮು ಹಾಕಿಕೊಟ್ಟರು. ಎರಡೂ ಕಂಪ್ಯೂಟರುಗಳನ್ನು ಜೋಡಿಸುವ ದಪ್ಪನೆಯ ಕೇಬಲ್ ಕೊಟ್ಟರು. ಆಮೇಲೆ ದೊಡ್ಡ ಯಂತ್ರದ ಬೆನ್ನ ಕಡೆ ಕರೆದುಕೊಂಡು ಹೋಗಿ ತೋರಿಸಿದರು. ಸಾಲಾಗಿ ಕಿಂಡಿಗಳಿದ್ದವು, ಹೆಚ್ಚಿನವು ಸುಟ್ಟು ಕಪ್ಪಾಗಿದ್ದವು. ಒಂದಕ್ಕೆ ಮಾತ್ರ ತಂತಿ ಸಿಕ್ಕಿಸಿತ್ತು. ಅದು ಫೋನಿನ ಮೋಡೆಮಿನ ತಂತಿ.

"ಉಳಿದಿರೋದು ಇದೊಂದೇ. ಬಿಡಿಭಾಗ ಎಲ್ಲೂ ಸಿಗಲ್ಲ. ನೀವು ರೆಡಿ ಆದಾಗ ಹೇಳಿ, ನಾನು ಫೋನಿನ ತಂತಿ ತೆಗೆದು ಇಂಟರ್‌ನೆಟ್ ಪೆಟ್ಟಿಗೇದು ಸಿಗಿಸ್ತೀನಿ. ಒಂದು ಸಲಕ್ಕೆ ಒಬ್ಬರೇ."

ನೀಲಾ ಬಸ್ಸಿನಲ್ಲಿ ಕೂತು ಕೇಬಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕಮಲಾಳ ಫೋನು ಬಂತು. "ವೈನಿ, ಲಗೂ ಬರ್ರಿ. ಅಣ್ಣ ಸೂಜಿ ಕೈಗೆ ಚುಚ್ಚಿಕೊಂಡ. ರಕ್ತ ಬಂದ್ರೂ ಅವಗ ಗೊತ್ತಾಗ್ಲಿಲ್ಲ."

*

ಮನೆಗೆ ಬಂದಾಗ ಬಸವಂತ ಅಂಗಳದಲ್ಲಿ ನಡೆಯುತ್ತಿದ್ದ. ಕಮಲಾ ರಟ್ಟೆ ಹಿಡಿದು ನಡೆಸುತ್ತಿದ್ದಳು. ಅವನ ಅಂಗಿಯೆಲ್ಲ ತೊಯ್ದಿತ್ತು. ಹಸಿಮೆಣಸಿನಕಾಯಿ ಕಚ್ಚಿಸಿದ್ದರಿಂದ ತುಟಿ ಊದಿತ್ತು.

"ನೀಲಾ," ಎಂದ. "ಸ್ವಲ್ಪ ಕಣ್ಣ ಮುಚ್ಚತೀನಿ. ಉಸಿರಿನ ಕಡೆ ಲಕ್ಷ್ಯ ಇಟ್ಕೊಂಡ ಮುಚ್ಚತೀನಿ."

"ಬ್ಯಾಡ್ರಿ."

"ನೀ ಎಣಿಸ್ತಾ ಕೂಡು. ನಿಂತ್ರ ಎಬ್ಬಿಸು. ಅಷ್ಟೂ ಆಗಾಂಗಿಲ್ಲೇನು ನಿನ್ನ ಕಡಿಂದ?"

ಅವನ ದನಿಯಲ್ಲಿ ಸಿಟ್ಟಿತ್ತು. ಆದರೆ ಆಕೆಗೆ ಗೊತ್ತಿತ್ತು. ಇಷ್ಟು ದಣಿದವನನ್ನು ಒಮ್ಮೆ ಮಲಗಿಸಿದರೆ ಮತ್ತೆ ಎಬ್ಬಿಸಲಾಗುವುದಿಲ್ಲ. ಅವನ ಕಣ್ಣು ಮುಚ್ಚತೊಡಗಿತು. ಆಕೆ ಅವನ ಕೆನ್ನೆಗೆ ಹೊಡೆದಳು. ಮದುವೆಯಾದಾಗಿನಿಂದ ಎಂದೂ ಎತ್ತದ ಕೈ ಅದು. ಅವನು ಕಣ್ಣು ತೆರೆದು, ಯಾರೋ ಎಂಬಂತೆ ಆಕೆಯನ್ನು ನೋಡಿ, ಮತ್ತೆ ನಡೆಯತೊಡಗಿದ.

ನೀಲಾ ಒಳಗೆ ಹೋಗಿ ಹಳೆಯ ಮೋಡೆಮಿನ ತಂತಿ ಕಿತ್ತು, ಕೇಬಲ್ ಸಿಕ್ಕಿಸಿದಳು. ಮೊಬೈಲನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟಳು. ಯದುನಂದನ್ ಹೇಳಿದ ಹಾಗೆ ಲ್ಯಾಪ್‌ಟಾಪಿನಲ್ಲಿ ಕೇಬಲ್ ಸಿಕ್ಕಿಸಿದ ಕಿಂಡಿಯ ಹೆಸರು ಆರಿಸಿದಳು. ಹಳೆಯ ಕಂಪ್ಯೂಟರಿನಲ್ಲಿ 'ಸಂಪರ್ಕಿಸು' ಒತ್ತಿದಳು.

ತೆರೆಯ ಮೇಲೆ ಪ್ರಶ್ನೆಚಿಹ್ನೆ, ಚೌಕ, ಮುರುಕಲು ಅಕ್ಷರಗಳು ರಾಶಿ ಬಿದ್ದವು.

"ವೇಗ ಹೊಂದಿಲ್ಲ," ಎಂದರು ಯದುನಂದನ್. "ಅದು ನಿಧಾನಕ್ಕೆ ಮಾತಾಡ್ತಿದೆ, ಇದು ಓಡ್ತಿದೆ. ಇಳಿಸಿ. ಇನ್ನೂ ಇಳಿಸಿ."

ಇಳಿಸಿದಳು. ಈ ಸಲ ಅಕ್ಷರಗಳು ಸರಿಯಾದವು. ಆದರೆ ಅದು ಡಯಲ್ ಮಾಡಿದ ನಂಬರು ಎಲ್ಲಿಗೂ ಹೋಗಲಿಲ್ಲ. ಸುಳ್ಳು ಮೋಡೆಮಿಗೆ ಒಂದು ಫೋನ್ ಪಟ್ಟಿ ಬರೆದುಕೊಡಬೇಕಿತ್ತು: ಧಾರವಾಡದ ಈ ನಂಬರು ಕೇಳಿದರೆ ಇಂಟರ್‌ನೆಟ್ಟಿನ ಈ ವಿಳಾಸಕ್ಕೆ ಹೋಗು ಎಂದು. ಬರೆಯುವಾಗ ಒಂದು ಅಂಕಿ ತಪ್ಪಿತು, ಅಳಿಸಿ ಮತ್ತೆ ಬರೆದಳು. ಮತ್ತೆ ಒತ್ತಿದಳು. 'ಕನೆಕ್ಟ್' ಎಂಬ ಪದ ಮಿಂಚಿತು. ಆಕೆ ಉಸಿರು ಬಿಡುವಷ್ಟರಲ್ಲಿ ಅದು ಹೋಗಿ, 'ಸಂಪರ್ಕ ಕಡಿದಿದೆ' ಎಂದು ಬಂತು. ಇನ್ನೊಮ್ಮೆ ಒತ್ತಿದರೂ ಹಾಗೆಯೇ ಆಯಿತು.

"ಯಾಕ್ರಿ ಸರ್? ಹತ್ತತೈತಿ, ಬಿಡತೈತಿ."

ಆ ಕಡೆ ಯದುನಂದನ್ ತಮ್ಮಷ್ಟಕ್ಕೇ ಏನೋ ಗೊಣಗಿಕೊಂಡರು. ಕೊನೆಗೆ, "ನಾವು ತುಂಬಾ ಬೇಗ ಉತ್ತರ ಕೊಡ್ತಿದೀವಿ," ಎಂದರು. "ಫೋನ್ ರಿಂಗ್ ಆಗ್ಬೇಕು, ಎತ್ತಬೇಕು, ಆ ಕೀರಲು ಸದ್ದೆಲ್ಲ ಮುಗೀಬೇಕು. ಡಯಲ್ ಮಾಡಿದ ಕ್ಷಣಾನೇ ಉತ್ತರ ಬಂದ್ರೆ ಏನೋ ಕೆಟ್ಟಿದೆ ಅಂತ ಅದು ಬಿಟ್ಟುಬಿಡ್ತಿದೆ. 'ವಿಳಂಬ' ಅಂತ ಒಂದು ಜಾಗ ಇದೆ ನೋಡಿ. ಅದನ್ನ ಜಾಸ್ತಿ ಮಾಡಿ."

ಮಾಡಿದಳು. ಈ ಸಲ ತೆರೆ ಸುಮ್ಮನಿತ್ತು. ಬಹಳ ಹೊತ್ತು ಎನಿಸುವಷ್ಟು ಸುಮ್ಮನಿತ್ತು. ಆಮೇಲೆ 'ಕನೆಕ್ಟ್' ಎಂದು ಬಂದು, ಅಲ್ಲೇ ನಿಂತಿತು.

"ನಿಂತೈತ್ರಿ!" ನೀಲಾ ಕೂಗಿದಳು. "ಕಮಲಾ, ಅವರನ್ನ ಒಳಗ ಕರಕೊಂಡ ಬಾ!"

"ನನ್ನ ಪೆಟ್ಟಿಗೆವರೆಗೂ ಬಂದಿದೀರಾ," ಎಂದರು ಯದುನಂದನ್. ಅವರ ದನಿಯೂ ಏರಿತ್ತು. "ಇರಿ, ಇಲ್ಲಿ ತಂತಿ ಬದಲಾಯಿಸ್ತೀನಿ."

ಅವರ ಹೆಜ್ಜೆಯ ಸದ್ದು ಕೇಳಿಸಿತು. ಆಮೇಲೆ ಹೆಜ್ಜೆ ನಿಂತಿತು.

"ಸರ್?"

"ಇನ್ನೊಬ್ಬರು ಲೈನಲ್ಲಿದ್ದಾರೆ," ಎಂದರು ಯದುನಂದನ್.

*

ಸಾಮಾನ್ಯವಾಗಿ ಹೊಸ ಗತಿ ಇಳಿಸಲು ಹಾಲು ಕಾಯುವಷ್ಟು ಹೊತ್ತು ಸಾಕು. ಯಾರಾದರೂ ಇದ್ದರೆ ಕಾಯೋಣ ಎಂದು ನೀಲಾ ಅಂದುಕೊಂಡಳು. ಆದರೆ ಯದುನಂದನ್ ತೆರೆಯನ್ನು ನೋಡಿ ಹೇಳಿದ್ದು ಬೇರೆಯೇ. ಹುಮನಾಬಾದಿನ ಧೂಳಪ್ಪ ಎಂಬ ರೋಗಿ. ನೀಲಾ ಧಾರವಾಡದಿಂದ ಹೊರಟ ಸ್ವಲ್ಪ ಹೊತ್ತಿಗೇ ಅವನ ಮನೆಯಿಂದ ಕರೆ ಬಂದಿತ್ತು, ದೊಡ್ಡ ಯಂತ್ರ ತಾನಾಗಿಯೇ ಎತ್ತಿಕೊಂಡಿತ್ತು, ಇನ್ನೂ ಕಡಿದಿರಲಿಲ್ಲ. ಅವನ ಎದೆಯೊಳಗಿನ ಯಂತ್ರಕ್ಕೆ ನೆನಪೇ ಹೋಗಿಬಿಟ್ಟಿತ್ತು. ಕೊಟ್ಟ ಗತಿಯನ್ನು ಇಟ್ಟುಕೊಳ್ಳಲಾರದೆ ಅದು ಒಂದೊಂದು ಉಸಿರಿಗೂ ಧಾರವಾಡವನ್ನು ಕೇಳುತ್ತಿತ್ತು. ಧಾರವಾಡ ಒಂದೊಂದಾಗಿ ಕೊಡುತ್ತಿತ್ತು.

"ಅಂದ್ರ?"

"ಅವನು ಉಸಿರಾಡ್ತಿರೋದೇ ಈ ಲೈನಲ್ಲಿ."

ಕಮಲಾ ಬಸವಂತನನ್ನು ಮಂಚಕ್ಕೆ ತಂದಿದ್ದಳು. ಅವನು ಕೂತಲ್ಲೇ ಒಂದು ಬದಿಗೆ ವಾಲಿದ. ಕಮಲಾ ಭುಜ ಕುಲುಕಿದಳು, ಮುಖಕ್ಕೆ ನೀರು ಎರಚಿದಳು. ಅವನು ಕಣ್ಣು ಅರ್ಧ ತೆರೆದ. "ಅಣ್ಣಾ! ಉಸಿರು ತಗೋ! ತಗೋ!" ಎಂದು ಕಮಲಾ ಒದರಿದಳು. ಅವನು ತೆಗೆದುಕೊಂಡ. ಹೇಳಿದರಷ್ಟೇ ತೆಗೆದುಕೊಳ್ಳುತ್ತಿದ್ದ.

"ಕಿತ್ತಹಾಕ್ರಿ," ಎಂದಳು ನೀಲಾ.

"ಏನಂದ್ರಿ?"

"ಆ ತಂತಿ ಕಿತ್ತಹಾಕ್ರಿ ಸರ್. ನಮ್ಮವರು ಹೊಂಟಾರ."

"ಅಲ್ಲಿ ಅವನು..."

"ನನಗ ಗೊತ್ತಿಲ್ಲ! ಅವ ಯಾರೋ ನನಗ ಗೊತ್ತಿಲ್ಲ! ನಿಮ್ಮ ಕಾಲ ಬೀಳತೀನಿ, ಕೀಳ್ರಿ!"

ಹಾಗೆ ಅಂದದ್ದು ತಾನೇ ಎಂದು ಆಕೆಗೆ ನಂಬಿಕೆಯಾಗಲಿಲ್ಲ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನನ್ನಿಂದಾಗಲ್ಲಮ್ಮಾ," ಎಂದರು ಯದುನಂದನ್. ಅವರು ಅಳುತ್ತಿದ್ದ ಹಾಗಿತ್ತು. ಕಡತದಲ್ಲಿ ಧೂಳಪ್ಪನ ಹೆಸರಿನ ಮುಂದೆ ಇದ್ದದ್ದು ಆ ಮನೆಯ ಫೋನಿನ ನಂಬರು ಮಾತ್ರ. ಅದೇ ಲೈನು ಈಗ ಕರೆಯಲ್ಲಿತ್ತು. "ಇರಿ. ಇದೇ ಲೈನಲ್ಲಿ ಒಂದು ಸಾಲು ಬರೆದು ಕಳಿಸಬಹುದು. ಅವರ ತೆರೆ ಮೇಲೆ ಕಾಣುತ್ತೆ. ಯಾರಾದರೂ ನೋಡ್ತಿದ್ರೆ..."

ಅಲ್ಲಿ ಯಾರಿದ್ದೀರಿ ಎಂದು ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ನೀಲಾ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ತಗೋರಿ... ಬಿಡ್ರಿ... ತಗೋರಿ..." ಎನ್ನುತ್ತಿದ್ದಳು. ಉತ್ತರ ಒಂದೊಂದೇ ಅಕ್ಷರವಾಗಿ ಬರತೊಡಗಿತು. ಬಂದ ಹಾಗೆ ಯದುನಂದನ್ ಗಟ್ಟಿಯಾಗಿ ಓದಿದರು.

"ನಾ ಕಾಶಮ್ಮ. ಧೂಳಪ್ಪನ ತಾಯಿ. ಲೈನ್ ಕಡೀಬ್ಯಾಡ್ರಿ."

ಅವನನ್ನು ಎಬ್ಬಿಸಲಾಗುತ್ತದೆಯೇ ಎಂದು ಕೇಳಿದರು.

"ಏಳವಲ್ಲ. ಇವತ್ತ ಕರೆಂಟ್ ಹೋದಾಗಿಂದ ಏಳವಲ್ಲ."

ಆಗ ಯದುನಂದನ್ ಇದ್ದದ್ದನ್ನು ಇದ್ದ ಹಾಗೆ ಬರೆದರು. ಇಲ್ಲಿ ಇನ್ನೊಬ್ಬರು ಸಾಯುತ್ತಿದ್ದಾರೆ. ಕಿಂಡಿ ಒಂದೇ ಇದೆ. ಹಾಲು ಕಾಯುವಷ್ಟು ಹೊತ್ತು ಬೇಕು. ನೀವು ಬಾಯಿಂದ ಅವನಿಗೆ ಗಾಳಿ ಊದಬಲ್ಲಿರಾ?

ಉತ್ತರ ಬಂತು. "ಕರೆಂಟ್ ಹೋದಾಗ ಊದೀನಿ." ಮತ್ತೆ ಸ್ವಲ್ಪ ಬಿಟ್ಟು, "ಅವರ ಹಂತ್ಯಾಕ ಯಾರಿದ್ದಾರ?"

"ಹೆಂಡತಿ," ಎಂದು ಯದುನಂದನ್ ಬರೆದರು.

ನೀಲಾಗೆ ತನ್ನ ಗಂಡನ ಗಂಟಲಿನ ಗೊರಗೊರ ಕೇಳುತ್ತಿತ್ತು.

"ಆಯ್ತು," ಎಂದು ಓದಿದರು ಯದುನಂದನ್. "ತೆಗೀರಿ. ತಿರುಗಿ ಕೊಡ್ರಿ."

*

ತಂತಿ ಬದಲಾಯಿತು. ಬಸವಂತನ ಎದೆಯ ಮೇಲೆ ಪಟ್ಟಿಯಿಟ್ಟು ನೀಲಾ ಅದನ್ನು ಅಂಗೈಯಿಂದ ಒತ್ತಿ ಹಿಡಿದಳು. ಹಳೆಯ ಕಂಪ್ಯೂಟರು ತನ್ನ ಎಂದಿನ ನಿಧಾನದಲ್ಲಿ ಎದೆಯ ಲೆಕ್ಕ ಓದಿತು, ಕಳಿಸಿತು, ಕಾಯಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ನೀಲಾ ತೆರೆಯ ಮೇಲೆ ತುಂಬುತ್ತಿದ್ದ ನೀಲಿ ಪಟ್ಟಿಯನ್ನು ನೋಡುತ್ತ, ಹುಮನಾಬಾದಿನ ಯಾವುದೋ ಮನೆಯಲ್ಲಿ ಬಗ್ಗಿ ಊದುತ್ತಿರುವ ಹೆಂಗಸನ್ನು ನೆನೆದಳು. ಆಕೆಯ ಮುಖ ಹೇಗಿರಬಹುದೆಂದು ಗೊತ್ತಿರಲಿಲ್ಲ. ಲಗೂ ಆಗಲಿ, ಲಗೂ ಆಗಲಿ ಎಂದುಕೊಂಡಳು. ಈಗ ಅದು ಯಾರಿಗಾಗಿ ಎಂದು ಆಕೆಗೇ ತಿಳಿಯಲಿಲ್ಲ.

ಬಸವಂತನ ಕಣ್ಣು ಪೂರಾ ಮುಚ್ಚಿತು. ಕಮಲಾ ಬಾಯಿಗೆ ಸೆರಗು ತುರುಕಿಕೊಂಡಳು. ತೆರೆಯ ನೀಲಿ ಪಟ್ಟಿ ತುಂಬಿತು. ಒಂದು ಕ್ಷಣ ಎದೆ ಅಲುಗಲಿಲ್ಲ.

ಆಮೇಲೆ ಎದೆ ಎದ್ದಿತು. ಇಳಿಯಿತು. ಮತ್ತೆ ಎದ್ದಿತು, ಈ ಸಲ ಆಳವಾಗಿ.

"ಆತ್ರಿ ಸರ್! ಮೊದಲ ಅವರ ತಂತಿ ಹಾಕ್ರಿ!"

"ಹಾಕ್ದೆ," ಎಂದರು ಯದುನಂದನ್. "ಅವರು ಮತ್ತೆ ಡಯಲ್ ಮಾಡ್ಬೇಕು."

ಊದುವುದನ್ನು ಬಿಟ್ಟು ಎದ್ದು ಕಂಪ್ಯೂಟರಿನ ಗುಂಡಿ ಒತ್ತಬೇಕು. ಆಮೇಲೆ ಓಡಿಬಂದು ಮತ್ತೆ ಊದಬೇಕು, ಫೋನು ಹತ್ತುವವರೆಗೆ. ನೀಲಾ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಧಾರವಾಡದ ಆ ಕೋಣೆಯ ಸದ್ದನ್ನು ಆಲಿಸಿದಳು. ಫ್ಯಾನಿನ ಸದ್ದು ಕೇಳುತ್ತಿತ್ತು. ಫೋನು ಬಾರಿಸಲಿಲ್ಲ. ಬೆನ್ನ ಹಿಂದೆ ಗಂಡ ಸೊಂಪಾಗಿ ಉಸಿರಾಡುತ್ತಿದ್ದ, ಆ ಸದ್ದು ಆಕೆಗೆ ಸಹಿಸಲಾಗಲಿಲ್ಲ.

ರಿಂಗಾಯಿತು. ಮೋಡೆಮ್ ಕಿರುಚಿತು, ಗೊರಗುಟ್ಟಿತು, ಶಾಂತವಾಯಿತು.

"ಬಂದ್ರು," ಎಂದರು ಯದುನಂದನ್. "ಎದೆ ಏಳ್ತಿದೆ. ತುಂಬಾ ಮೆಲ್ಲಗೆ. ಆದ್ರೆ ಏಳ್ತಿದೆ." ಸ್ವಲ್ಪ ತಡೆದು, "ಏನೋ ಬರೀತಿದಾರೆ... 'ನಿಮ್ಮವರು?' ಅಂತ ಕೇಳ್ತಿದಾರೆ."

ನೀಲಾ ಹಿಂದಿರುಗಿ ಗಂಡನ ಕಡೆ ನೋಡಿದಳು. "ಮಲಗ್ಯಾರ ಅಂತ ಬರೀರಿ," ಎಂದಳು.

*

ಹುಮನಾಬಾದಿನ ತಾಮ್ರದ ತಂತಿಗೂ ಗಡುವು ಬಂದಿದೆ ಎಂದು ಅದೇ ಲೈನಿನಲ್ಲಿ ತಿಳಿಯಿತು. ಬಸವಂತನಿಗೆ ನಿದ್ದೆ ಸರಿಯಾಗಿ ಒಂದೆರಡು ದಿನವಾದ ಕೂಡಲೇ ನೀಲಾ ಇನ್ನೊಂದು ಕೇಬಲ್, ಯದುನಂದನ್ ತಮ್ಮದೇ ಹಣದಿಂದ ಕೊಡಿಸಿದ ಲ್ಯಾಪ್‌ಟಾಪ್ ಹಿಡಿದು ಬಸ್ಸು ಹತ್ತಿದಳು.

ಕಾಶಮ್ಮನ ಮನೆ ಒಂದು ಗಿರಣಿಯ ಹಿಂದಿತ್ತು. ಬಾಗಿಲು ತೆರೆದ ಹೆಂಗಸು ಗಿಡ್ಡಗೆ, ಬಡಕಲಾಗಿದ್ದಳು. ತುಟಿಯ ಒಂದು ಬದಿ ಒಡೆದು ಹೆಪ್ಪುಗಟ್ಟಿತ್ತು. "ಬಾ ತಂಗಿ," ಎಂದಳು, "ಮೊದ್ಲ ಚಾ ಕುಡಿ." ಒಳಗೆ ಧೂಳಪ್ಪ ಮಲಗಿದ್ದ. ನಡುಹರೆಯದ ಮನುಷ್ಯ, ಗಡ್ಡ ಬೆಳೆದಿತ್ತು. ಪಕ್ಕದ ಮೋಡೆಮಿನ ಕೆಂಪು ದೀಪ ಮಿನುಗಿದಾಗಲೆಲ್ಲ ಅವನ ಎದೆ ಏಳುತ್ತಿತ್ತು. ಅವನು ಎದ್ದಿರಲಿಲ್ಲ. ಏಳುವನೆಂದು ಯಾರೂ ಹೇಳಿರಲಿಲ್ಲ.

ನೀಲಾ ಲ್ಯಾಪ್‌ಟಾಪು ತೆರೆದು ಆ ಮನೆಗೆ ಆಗಲೇ ಬಂದಿದ್ದ ಹೊಸ ಇಂಟರ್‌ನೆಟ್ಟಿಗೆ ಜೋಡಿಸಿ, ಎಲ್ಲವನ್ನೂ ಮೊದಲೇ ಸಿದ್ಧ ಮಾಡಿಕೊಂಡಳು. ವೇಗ ಇಳಿಸಿದಳು, ಫೋನ್ ಪಟ್ಟಿ ಬರೆದಳು, ವಿಳಂಬ ಹೆಚ್ಚಿಸಿದಳು. ಉಳಿದದ್ದು ತಂತಿ ಬದಲಾಯಿಸುವುದು, ಇಲ್ಲಿಯೂ ಧಾರವಾಡದಲ್ಲಿಯೂ; ಅಲ್ಲಿ ಯದುನಂದನ್ ಸಿದ್ಧರಾಗಿ ಕಾದಿದ್ದರು. ಅದಕ್ಕೆ ಇರುವ ಲೈನನ್ನು ಕಡಿಯಲೇಬೇಕು.

"ಅಕ್ಕಾ, ಈ ತಂತಿ ತಗದು ಇದನ್ನ ಹಾಕೂದು, ಆಮ್ಯಾಲೆ ಈ ಗುಂಡಿ ಒತ್ತೂದು. ನೀವ ಮಾಡ್ರಿ," ಎಂದಳು ನೀಲಾ. "ನಾ ಊದತೀನಿ."

ಕಾಶಮ್ಮ ಆಕೆಯ ಮುಖವನ್ನೇ ನೋಡಿ, ಕಂಪ್ಯೂಟರಿನ ಹಿಂದೆ ಹೋಗಿ ಕೂತಳು.

ನೀಲಾ ಮೊಣಕಾಲೂರಿ, ಗುರುತಿಲ್ಲದ ಆ ಗಂಡಸಿನ ಮೂಗು ಹಿಡಿದಳು. ಕೆಂಪು ದೀಪ ಆರಿತು. ಆಕೆ ಬಗ್ಗಿ ಅವನ ಬಾಯಿಗೆ ಬಾಯಿಟ್ಟು ಊದಿದಳು. ಔಷಧದ ವಾಸನೆ, ಒಣಗಿದ ತುಟಿ. ಎದೆ ಎದ್ದಿತು. ಬಿಟ್ಟಳು. ಮತ್ತೆ ಊದಿದಳು. ಹಿಂದೆ ಕಾಶಮ್ಮ ತಂತಿ ಕೂರುತ್ತಿಲ್ಲವೆಂದು ಗೊಣಗುತ್ತಿದ್ದಳು, ತಿರುಗಿಸಿ ಹಾಕುತ್ತಿದ್ದಳು. ಕೆಲವೇ ಉಸಿರಿಗೆ ನೀಲಾಳ ತಲೆ ಸುತ್ತತೊಡಗಿತು, ಕಣ್ಣಿಗೆ ಕತ್ತಲೆ ಕವಿಯಿತು. ಅಂದು ಈ ಮುದುಕಿ ಇದನ್ನು ಎಷ್ಟು ಹೊತ್ತು ಮಾಡಿರಬಹುದೆಂದು ಆಕೆಗೆ ಆಗ ಅಂದಾಜಾಯಿತು. ಊದಿದಳು. ಬಿಟ್ಟಳು. ಊದಿದಳು.

"ತಂಗಿ, ಬಿಡು," ಎಂದಳು ಕಾಶಮ್ಮ. "ಬಿಡು, ಬಂದದ."

ನೀಲಾ ತಲೆಯೆತ್ತಿದಳು. ಧೂಳಪ್ಪನ ಎದೆ ತಾನಾಗಿಯೇ ಏಳುತ್ತಿತ್ತು. ತೆರೆಯ ಮೇಲೆ 'ಕನೆಕ್ಟ್' ಎಂದಿತ್ತು.

ಇಬ್ಬರೂ ನೆಲದ ಮೇಲೆ ಗೋಡೆಗೊರಗಿ ಕೂತರು. ನೀಲಾಗೆ ಹೇಳಬೇಕಾದದ್ದೊಂದಿತ್ತು, ಬಸ್ಸಿನಲ್ಲಿ ಬರುವಾಗಲೆಲ್ಲ ಅದನ್ನೇ ಯೋಚಿಸಿದ್ದಳು.

"ಅಕ್ಕಾ, ಕಿಂಡಿ ಇನ್ನೂ ಒಂದ ಐತಿ. ಇನ್ನೊಂದು ಸಿಗಾಂಗಿಲ್ಲಂತ. ಸ್ವಲ್ಪ ದಿನಕ್ಕ ನಮ್ಮವರ ಗತಿ ಮತ್ತ ಸಡ್ಲ ಆಗತೈತಿ. ಆವಾಗ..."

ಕಾಶಮ್ಮ ಸೆರಗಿನಿಂದ ಮಗನ ಬಾಯಿ ಒರೆಸಿದಳು, ಆಮೇಲೆ ಅದೇ ಸೆರಗಿನಿಂದ ತನ್ನ ಒಡೆದ ತುಟಿ ಒತ್ತಿಕೊಂಡಳು.

"ನನ್ನ ಮೊಬೈಲ್ ನಂಬರ್ ಬರಕೋ," ಎಂದಳು. "ಒಂದು ತಾಸು ಮೊದ್ಲ ಫೋನ್ ಮಾಡು. ನಾ ಉಂಡು ಕೂಡ್ತೀನಿ. ಹೊಟ್ಟ್ಯಾಗ ಏನೂ ಇಲ್ಲಂದ್ರ ಊದಲಾಕ ಆಗಲ್ಲ ನೋಡು."